ಶಾಫ್ಟ್ ಡ್ರೈವ್‌ಗೆ ಯಾವ ಗೇರ್ ಆಯಿಲ್? ನಾಲ್ಕು ಬಗೆ ಹಾಕಿ ನೋಡಿದ ಮೇಲೆ

ಸುಜುಕಿ ಇಂಟ್ರೂಡರ್ ಎಂ1800ಆರ್ ಬೈಕಿನಲ್ಲಿ ಚೈನ್ ಇಲ್ಲ. ಅದರ ಬದಲು ತಿರುಗುವ ಒಂದು ದಂಡ, ಅಂದರೆ ಶಾಫ್ಟ್, ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುತ್ತದೆ. ಹಿಂದಿನ ಚಕ್ರದ ಪಕ್ಕದ ಅಲ್ಯೂಮಿನಿಯಂ ಹೌಸಿಂಗಿನೊಳಗೆ ಶಾಫ್ಟಿನ ತುದಿಯ ಚಿಕ್ಕ ಗೇರ್ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಕ್ರೌನ್ ಗೇರ್ ಇವೆ. 1783 ಸಿಸಿ ಎಂಜಿನ್ನಿನ ಬಲವೆಲ್ಲ ಈ ಎರಡರ ಹಲ್ಲುಗಳ ಮೂಲಕವೇ ಚಕ್ರಕ್ಕೆ ತಲುಪಬೇಕು. ಆ ಹಲ್ಲುಗಳನ್ನು ಕಾಯುವುದು 200ರಿಂದ 220 ಮಿಲಿಲೀಟರ್ ಎಣ್ಣೆ, ಅಷ್ಟೇ. ಎಂಜಿನ್ ಆಯಿಲ್ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಸವಾರರು ಇದನ್ನು ಮರೆತೇಬಿಡುತ್ತಾರೆ ಎಂಬುದು ನನಗೆ ಬಹಳ ದಿನದ ಬೇಸರ. ಅಂದಹಾಗೆ, 2017ರಲ್ಲಿ ಬಂದ 155 ಸಿಸಿ ಇಂಟ್ರೂಡರ್‌ಗೆ ಚೈನ್ ಇದೆ. ಇಲ್ಲಿನ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಕೈಪಿಡಿಯಲ್ಲಿ ಗೊಂದಲವಿಲ್ಲ: ಎಪಿಐ ಜಿಎಲ್-5 ದರ್ಜೆಯ (ಹಲ್ಲುಗಳಿಗೆ ಎಷ್ಟು ರಕ್ಷಣೆ ಎಂಬುದರ ದರ್ಜೆ), ಎಸ್‌ಎಇ 90ರ (ಎಣ್ಣೆ ಎಷ್ಟು ದಪ್ಪ ಎಂಬುದರ ಅಂಕಿ) ಹೈಪಾಯ್ಡ್ ಗೇರ್ ಆಯಿಲ್, ಹವೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ಊರಾದರೆ 80. ಗೊಂದಲ ಶುರುವಾಗುವುದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯ ಮುಂದೆ ನಿಂತಾಗ. ‘90 ಆಯಿಲ್’ ಎಂದು ಕೇಳಿದರೆ ಒಬ್ಬರು ಜಿಎಲ್-4ರ ಡಬ್ಬಿ ಕೊಟ್ಟು ‘ಎರಡೂ ಒಂದೇ ಸಾರ್’ ಎನ್ನುತ್ತಾರೆ. ಇನ್ನೊಬ್ಬರು ಬೈಕಿನ ಗಾತ್ರ ಕೇಳಿ ‘140 ಹಾಕಿಬಿಡಿ’ ಎನ್ನುತ್ತಾರೆ. ಮೂರನೆಯವರು ಸಿಂಥೆಟಿಕ್ ತೋರಿಸುತ್ತಾರೆ. ಹೀಗಾಗಿ ಬೇರೆ ಬೇರೆ ವರ್ಷಗಳಲ್ಲಿ ನಾಲ್ಕು ಬಗೆಯನ್ನು ಹಾಕಿ, ಓಡಿಸಿ, ಹೊರತೆಗೆದು ನೋಡಿದ್ದೇನೆ. ನಾಲ್ಕೂ ಜಿಎಲ್-5 ದರ್ಜೆಯವೇ.

ಜಿಎಲ್-4 ಅನ್ನು ಪರೀಕ್ಷೆಗೂ ತೆಗೆದುಕೊಳ್ಳಲಿಲ್ಲ, ಅದಕ್ಕೆ ಕಾರಣವಿದೆ. ಹೈಪಾಯ್ಡ್ ಗೇರಿನಲ್ಲಿ ಪಿನಿಯನ್ನಿನ ಅಕ್ಷ ಕ್ರೌನ್ ಗೇರಿನ ಮಧ್ಯಕ್ಕೆ ನೇರವಾಗಿರದೆ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಆದ್ದರಿಂದ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉಜ್ಜಿಕೊಂಡು ಜಾರುತ್ತವೆ. ಅಂಥ ಒತ್ತಡದಲ್ಲಿ ಬರಿಯ ಎಣ್ಣೆಯ ಪದರ ಹರಿದುಹೋಗುತ್ತದೆ; ಆಗ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಉಕ್ಕಿನ ಮೇಲೆ ರಾಸಾಯನಿಕ ಪೊರೆ ಕಟ್ಟಿ ಲೋಹಕ್ಕೆ ಲೋಹ ಅಂಟದಂತೆ ತಡೆಯುತ್ತವೆ. ಜಿಎಲ್-5ರಲ್ಲಿ ಈ ಸೇರ್ಪಡೆಗಳು ಜಿಎಲ್-4ರ ಸುಮಾರು ಎರಡರಷ್ಟು ಇರುತ್ತವೆ. ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ವಾಸನೆ ಅವುಗಳದ್ದೇ. ಅದೇ ಗಂಧಕ ಹಿತ್ತಾಳೆ, ಕಂಚುಗಳನ್ನು ತಿನ್ನಬಲ್ಲದು ಎಂದು ಕಾರಿನ ಗೇರ್‌ಬಾಕ್ಸ್‌ಗೆ ಜಿಎಲ್-5 ಹಾಕಲು ಹೆದರುತ್ತಾರೆ. ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಗೇರ್‌ಬಾಕ್ಸ್‌ನಲ್ಲಿ ಆ ಹೆದರಿಕೆ ಸರಿ. ಈ ಬೈಕಿನ ಹಿಂಬದಿ ಹೌಸಿಂಗಿನಲ್ಲಿ ಸಿಂಕ್ರೊ ರಿಂಗೇ ಇಲ್ಲ. ಅಲ್ಲಿನ ಭಯವನ್ನು ಇಲ್ಲಿಗೆ ತಂದು ಗೇರಿಗೆ ಬೇಕಾದ ರಕ್ಷಣೆಯನ್ನು ಅರ್ಧಕ್ಕೆ ಇಳಿಸುವುದು ತಪ್ಪು.

ಮೊದಲು ಹಾಕಿದ್ದು ಸರ್ವೋ ಗೇರ್ ಎಚ್‌ಪಿ 90. ಲಾರಿ, ಜೀಪುಗಳ ಡಿಫರೆನ್ಷಿಯಲ್‌ಗೆ (ಆಕ್ಸಲ್‌ನ ನಡುವಿನ ಗೇರ್ ಪೆಟ್ಟಿಗೆಗೆ) ಹಾಕುವ ಸಾದಾ ಖನಿಜ ಎಣ್ಣೆ, ಹಳ್ಳಿಯ ಪೆಟ್ರೋಲ್ ಬಂಕಿನಲ್ಲೂ ಸಿಕ್ಕೀತು. ಕೈಪಿಡಿ ಕೇಳುವುದನ್ನು ಅಕ್ಷರಶಃ ಪೂರೈಸುತ್ತದೆ. ಡಿಸೆಂಬರಿನ ಬೆಳಿಗ್ಗೆ ಬೈಕನ್ನು ಗ್ಯಾರೇಜಿನಿಂದ ಹಿಂದಕ್ಕೆ ತಳ್ಳುವಾಗ ಚಕ್ರ ತುಸು ಬಿಗಿಯಾಗಿ ತಿರುಗುತ್ತದೆ. ಒಂದೆರಡು ಕಿಲೋಮೀಟರ್ ಹೋದ ಮೇಲೆ ಏನೂ ಗೊತ್ತಾಗುವುದಿಲ್ಲ. ದೂರಲು ಇದಕ್ಕಿಂತ ಹೆಚ್ಚಿನದೇನೂ ನನಗೆ ಸಿಗಲಿಲ್ಲ.

ಎರಡನೆಯದು 80ಡಬ್ಲ್ಯು-90 ಖನಿಜ ಎಣ್ಣೆ; ‘ಡಬ್ಲ್ಯು’ ಇರುವ ಮೊದಲ ಅಂಕಿ ಚಳಿಯಲ್ಲಿನ ನಡತೆಗೆ. ಇದರಲ್ಲಿ ಆ ಬೆಳಗಿನ ಬಿಗಿತವೂ ಇಲ್ಲ. ಬಿಸಿಯಾದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ, ಕಾಣಲೂಬಾರದು: ಕೊನೆಯ ಅಂಕಿ 90 ಎಂದರೆ 100 ಡಿಗ್ರಿಯಲ್ಲಿ ಎಣ್ಣೆಯ ಸ್ನಿಗ್ಧತೆ, ಅಂದರೆ ದಪ್ಪ, 13.5ರಿಂದ 18.5 ಸೆಂಟಿಸ್ಟೋಕ್ ಒಳಗಿರಬೇಕು ಎಂದರ್ಥ. ಇದನ್ನು ಎಂಜಿನ್ ಆಯಿಲ್‌ನ ಅಂಕಿಯೊಂದಿಗೆ ಹೋಲಿಸಬಾರದು, ಎರಡರ ಅಳತೆಗೋಲು ಬೇರೆ. ಗೇರ್ ಆಯಿಲ್‌ನ 90 ಎಂಜಿನ್ ಆಯಿಲ್‌ನ 40-50ರ ಆಸುಪಾಸಿನಲ್ಲಿ ಬರುತ್ತದೆ.

140ರ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವ ಸಲಹೆ ಅದೇ. 85ಡಬ್ಲ್ಯು-140 ಅನ್ನು ಬೇಕೆಂದೇ ಒಂದು ಬೇಸಿಗೆ ಹಾಕಿ ನೋಡಿದೆ. ಚಿತ್ರದುರ್ಗ, ಹೊಸಪೇಟೆ ದಾಟಿ ರಾಯಚೂರಿನ ಕಡೆಗೆ, ಪಾದರಸ 40 ಡಿಗ್ರಿ ಮುಟ್ಟುವ ಹಾದಿ. ದಪ್ಪ ಎಣ್ಣೆ ಬೇಕೆನ್ನುವವರ ವಾದ ನಿಜವಾಗಿದ್ದರೆ ಅಲ್ಲಿ ಅದು ಗೆಲ್ಲಬೇಕಿತ್ತು. ಆದರೆ ನಿಲ್ಲಿಸಿದಾಗಲೆಲ್ಲ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಹೌಸಿಂಗ್ ಉಳಿದ ಮೂರು ಎಣ್ಣೆಗಳಿಗಿಂತ ಹೆಚ್ಚು ಬಿಸಿ ತೋರಿಸಿತು. ಕಾರಣ ಸರಳ. 140ರ ವ್ಯಾಪ್ತಿ ಶುರುವಾಗುವುದೇ 24 ಸೆಂಟಿಸ್ಟೋಕ್‌ನಿಂದ, ಮುಗಿಯುವುದು 32.5ಕ್ಕೆ. ಅಷ್ಟು ದಪ್ಪ ಎಣ್ಣೆಯನ್ನು ಕ್ರೌನ್ ಗೇರ್ ಸದಾ ಕಡೆಯುತ್ತಿರಬೇಕು; ಕಡೆಯುವ ಶ್ರಮ ಶಾಖವಾಗುತ್ತದೆ. ಲಾರಿಯ ಆಕ್ಸಲ್‌ನಲ್ಲಿ ಲೀಟರುಗಟ್ಟಲೆ ಎಣ್ಣೆ ಇರುತ್ತದೆ, ಆ ಶಾಖವನ್ನು ಹೀರಿಕೊಳ್ಳುತ್ತದೆ. ಇಲ್ಲಿರುವುದು ಕಾಲು ಲೀಟರೂ ಅಲ್ಲ. 140 ಹಾಕಿದಾಗ ಗೇರಿನ ಗುಂಯ್ಗುಡುವಿಕೆ ಕಡಿಮೆಯಾಗುತ್ತದೆ ಎಂಬುದು ನಿಜ, ನನಗೂ ಕೇಳಿಸಿತು. ಅದೇ ಅದರ ಅಪಾಯ. ಬೇರಿಂಗ್ ಸವೆಯತೊಡಗಿದರೆ ನಮಗೆ ಸಿಗುವ ಮೊದಲ ಸುಳಿವು ಆ ಸದ್ದು. ಅದನ್ನೇ ಮುಚ್ಚಿಬಿಟ್ಟರೆ ಕೆಟ್ಟದ್ದು ತಿಳಿಯುವುದು ತಡವಾಗಿ. ಎಚ್ಚರದಿಂದ ಹೇಳುತ್ತೇನೆ: ಕೈಪಿಡಿ 90 ಎನ್ನುವ ಬೈಕಿಗೆ 140 ಹಾಕಬೇಡಿ.

ನಾಲ್ಕನೆಯದು ಮೋಟುಲ್ ಗೇರ್ 300, ಎಸ್ಟರ್ ಆಧಾರಿತ ಪೂರ್ಣ ಸಿಂಥೆಟಿಕ್ 75ಡಬ್ಲ್ಯು-90. ಇದರ ‘75ಡಬ್ಲ್ಯು’ ಮೈನಸ್ 40 ಡಿಗ್ರಿಯವರೆಗಿನ ಚಳಿಯ ಭರವಸೆ; 80ಡಬ್ಲ್ಯು ಆದರೆ ಮೈನಸ್ 26. ಊಟಿಯ ಜನವರಿಯ ಇಬ್ಬನಿ ಹೆಪ್ಪುಗಟ್ಟುವ ಬೆಳಗು ಬಿಟ್ಟರೆ ನಾವು ಓಡಾಡುವ ದಾರಿಯಲ್ಲಿ ಸೊನ್ನೆಯೇ ಎದುರಾಗದು, ಆದ್ದರಿಂದ ಆ ಅಂಕಿಗಾಗಿ ಹಣ ಕೊಡಬೇಕಿಲ್ಲ. ನನಗೆ ಇದು ಮೆಚ್ಚಿಗೆಯಾದದ್ದು ಬೇಸಿಗೆಯ ನಡತೆಯಿಂದ. ಅದೇ ರಾಯಚೂರಿನ ಹಾದಿಯಲ್ಲಿ ಹೌಸಿಂಗ್ ನಾಲ್ಕರಲ್ಲಿ ಅತಿ ತಂಪಾಗಿದ್ದದ್ದು ಇದರಲ್ಲಿ, 80ಡಬ್ಲ್ಯು-90ಗಿಂತ ಸ್ವಲ್ಪವೇ ಆದರೂ. ಹೊರತೆಗೆದಾಗ ಬಣ್ಣವೂ ಅಷ್ಟಾಗಿ ಕಂದಿರಲಿಲ್ಲ. ಬೆಲೆ ಖನಿಜ ಎಣ್ಣೆಗಿಂತ ಬಹಳ ಹೆಚ್ಚು, ಆದರೆ ಒಂದು ಲೀಟರ್ ನಾಲ್ಕು ಸಲದ ಬದಲಾವಣೆಗೆ ಧಾರಾಳ ಸಾಕು. ಹಾಗೆ ಹಂಚಿ ನೋಡಿದರೆ ಇದನ್ನು ದುಬಾರಿ ಎನ್ನಲು ಮನಸ್ಸು ಬರುವುದಿಲ್ಲ. ನನ್ನ ಬೈಕಿನಲ್ಲಿ ಈಗ ಇರುವುದು ಇದೇ. 80ಡಬ್ಲ್ಯು-90 ಹಾಕಿಕೊಂಡು ಸಮಯಕ್ಕೆ ಸರಿಯಾಗಿ ಬದಲಿಸುವವರಿಗೆ ‘ಇದಕ್ಕೆ ಬನ್ನಿ’ ಎಂದು ಒತ್ತಾಯಿಸುವಷ್ಟು ಅಂತರ ಮಾತ್ರ ಇಲ್ಲ. ಡಬ್ಬಿಯ ಮೇಲೆ ‘ಎಲ್‌ಎಸ್’ ಎಂದಿರುವ ಎಣ್ಣೆ ಕಾರಿನ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ. ಬೈಕಿಗೆ ಅದರಿಂದ ಲಾಭವಿಲ್ಲ.

ಎಣ್ಣೆಗಿಂತ ಮಳೆಗಾಲ ದೊಡ್ಡದು. ಆಗುಂಬೆ, ಕೊಡಗಿನ ಮಳೆಯಲ್ಲಿ ಓಡಿದ ಬೈಕಿನ ಹೌಸಿಂಗಿಗೆ ತೇವ ಸೇರಿದರೆ ಯಾವ ಎಣ್ಣೆಯೂ ಹಾಲು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ನಾನು ಕಿಲೋಮೀಟರ್ ಎಷ್ಟೇ ಆಗಿರಲಿ ದಸರೆಯ ಹೊತ್ತಿಗೆ ಬದಲಿಸುತ್ತೇನೆ. ತುಸು ಓಡಿಸಿ, ಎಣ್ಣೆ ಬೆಚ್ಚಗಿರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಬೇಕು, ವಾಷರ್ ಹೊಸದಿರಬೇಕು. ಈ ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ. ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿಕೊಂಡು ತುಂಬಿದರೆ ಮಟ್ಟ ತಪ್ಪುತ್ತದೆ. ಒಬ್ಬರು ನೆಟ್ಟಗೆ ಹಿಡಿದಿರಲಿ, ತುಂಬುವ ತೂತಿನ ಅಂಚಿಗೆ ಎಣ್ಣೆ ಬಂದೊಡನೆ ನಿಲ್ಲಿಸಿ. ಹೆಚ್ಚಾದದ್ದು ಸೀಲ್ ದಾಟಿ ಟೈರಿನ ಮೇಲೆ ಇಳಿದರೆ ಮುಂದಿನ ತಿರುವಿನಲ್ಲೇ ಬೀಳಬಹುದು.

ಬೇರೆ ಶಾಫ್ಟ್ ಬೈಕ್ ಇರುವವರು ನನ್ನ ಆಯ್ಕೆಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಯಮಾಹಾ ಎಫ್‌ಜೆಆರ್1300ರ ಕೈಪಿಡಿ ಕೇಳಿದ್ದು ಎಸ್‌ಎಇ 80ರ ಜಿಎಲ್-4. ಹಳೆಯ ಮೋಟೋ ಗುಝಿಗಳಲ್ಲಿ 250 ಮಿಲಿಲೀಟರಿನಲ್ಲಿ 20 ಮಿಲಿಲೀಟರ್ ಮಾಲಿಬ್ಡಿನಮ್ ಸೇರ್ಪಡೆಯೇ ಇರಬೇಕಿತ್ತು. ಇನ್ನು ಹಿಂದಿನ ಚಕ್ರ ಬಿಚ್ಚಿದಾಗ, ಟೈರ್ ಬದಲಿಸುವ ದಿನವಾದರೂ, ಹಬ್‌ನ ಸ್ಪ್ಲೈನ್‌ಗಳನ್ನು (ಚಕ್ರವನ್ನು ಗೇರಿಗೆ ಜೋಡಿಸುವ ಹಲ್ಲುಗಳನ್ನು) ಒರೆಸಿ ಕೈಪಿಡಿ ಹೇಳುವ ಗ್ರೀಸ್ ಹಚ್ಚಿ. ಹೌಸಿಂಗಿನ ಎಣ್ಣೆ ಅಲ್ಲಿಗೆ ತಲುಪುವುದಿಲ್ಲ.