ಒಪೆರಾದಲ್ಲಿ ಮೊದಲ ಸಂಬಳದ ಕೆಲಸಕ್ಕೆ ಜರ್ಮನಿಯ ಸರ್ಕಾರಿ ಸೇವೆ: ಝಡ್‌ಎವಿ ಕಲಾವಿದರ ವಿಭಾಗದ ವಿಮರ್ಶೆ

ಸರ್ಕಾರದ ಹಣದಲ್ಲಿ ನಡೆಯುವ ಸುಮಾರು 80 ಒಪೆರಾ ಮನೆಗಳು ಜರ್ಮನಿಯಲ್ಲಿವೆ. ಹೆಚ್ಚಿನವು ಗಾಯಕರನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳುತ್ತವೆ. ಸಂಗೀತ ಪದವಿ ಮುಗಿಸಿದವರು ಅಲ್ಲಿಗೆ ನೇರವಾಗಿ ಅರ್ಜಿ ಹಾಕಬಹುದು, ಕಮಿಷನ್ ಪಡೆಯುವ ಖಾಸಗಿ ಏಜೆಂಟರ ಮೂಲಕ ಹೋಗಬಹುದು, ಇಲ್ಲವೇ ಫೆಡರಲ್ ಉದ್ಯೋಗ ಇಲಾಖೆಯ ಕಲಾವಿದರ ವಿಭಾಗವಾದ ಝಡ್‌ಎವಿ ಕ್ಯೂನ್ಸ್‌ಟ್ಲರ್‌ಫೆರ್ಮಿಟ್‌ಲುಂಗ್ ಅನ್ನು ಸಂಪರ್ಕಿಸಬಹುದು. ಈ ವಿಭಾಗ ಗಾಯಕರಿಂದಲೂ ರಂಗಮಂದಿರದಿಂದಲೂ ಹಣ ತೆಗೆದುಕೊಳ್ಳುವುದಿಲ್ಲ. ಹೊಸಬರು ಮೊದಲು ತಟ್ಟಬೇಕಾದ ಬಾಗಿಲು ಇದೇ, ಆದರೆ ತಯಾರಿಯಿಲ್ಲದೆ ತಟ್ಟಬಾರದು.

ಅರ್ಜಿಗೆ ಬೇಕಾಗುವುದು ಫೋಟೋ ಇರುವ ಒಂದು ಪುಟದ ಪರಿಚಯ, ತರಬೇತಿಯ ವಿವರ, ಪಾತ್ರಗಳ ಪಟ್ಟಿ ಮತ್ತು ಧ್ವನಿಮುದ್ರಣದ ಲಿಂಕ್. ವೃತ್ತಿಪರ ತರಬೇತಿ ಅಥವಾ ವೇದಿಕೆಯ ಅನುಭವ ಇಲ್ಲದವರನ್ನು ತೆಗೆದುಕೊಳ್ಳುವುದಿಲ್ಲ. ಹೆಚ್ಚು ಅರ್ಜಿಗಳು ಕೆಡುವುದು ಪಾತ್ರಗಳ ಪಟ್ಟಿಯಲ್ಲಿ. ಹಾಡಿದ ಪಾತ್ರ, ಕಲಿತಿರುವ ಪಾತ್ರ, ಕಲಿಯಬೇಕೆಂದಿರುವ ಪಾತ್ರ ಎಲ್ಲವನ್ನೂ ಒಟ್ಟಿಗೆ ಬರೆದರೆ ಓದುವವರಿಗೆ ನಂಬಿಕೆ ಹೋಗುತ್ತದೆ. ವೇದಿಕೆಯಲ್ಲಿ ಹಾಡಿದ್ದನ್ನು ಬೇರೆ ಬರೆಯಿರಿ, ಪೂರ್ತಿ ಕಲಿತಿದ್ದನ್ನು ಬೇರೆ. ಮೂರನೆಯದನ್ನು ಬಿಟ್ಟುಬಿಡಿ. ಧ್ವನಿಮುದ್ರಣಕ್ಕೆ ಕೃತಕ ಪ್ರತಿಧ್ವನಿ ಸೇರಿಸಬೇಡಿ. ಒಪೆರಾದಲ್ಲಿ ಮೈಕ್ ಇರುವುದಿಲ್ಲ. ವಾದ್ಯವೃಂದವನ್ನು ದಾಟಿ ದನಿ ಹಿಂದಿನ ಸಾಲಿಗೆ ಮುಟ್ಟುತ್ತದೆಯೇ ಎಂಬುದನ್ನು ಅಳೆಯಲು ಅವರಿಗೆ ಬರಿಯ ದನಿ ಬೇಕು.

ಅರ್ಜಿ ಒಪ್ಪಿಗೆಯಾದರೆ ಈ ವಿಭಾಗದ ಏಜೆಂಟರ ಮುಂದೆ ಹಾಡಲು ಕರೆ ಬರುತ್ತದೆ. ಐದು ಏರಿಯಾಗಳನ್ನು, ಅಂದರೆ ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡುಗಳನ್ನು, ಸಿದ್ಧವಿಟ್ಟುಕೊಂಡು ಹೋಗುವುದು ವಾಡಿಕೆ. ಒಂದು ಮೊಜಾರ್ಟ್ ಇರಲಿ, ಒಂದು ಖಂಡಿತ ಜರ್ಮನ್‌ನಲ್ಲಿರಲಿ. ಮೊದಲನೆಯದು ನಿಮ್ಮ ಆಯ್ಕೆ, ಎರಡನೆಯದು ಸಾಮಾನ್ಯವಾಗಿ ಅವರದು. ಹಾಗಾಗಿ ಪಟ್ಟಿಯನ್ನು ಉದ್ದ ಮಾಡಲೆಂದು ಸೇರಿಸಿದ ದುರ್ಬಲ ಏರಿಯಾವನ್ನೇ ಅವರು ಕೇಳಬಹುದು. ಪಿಯಾನೋ ನುಡಿಸುವವರಿಗೆ ಕೊಡುವ ಹಾಳೆಗಳನ್ನು ಎರಡೂ ಬದಿ ಮುದ್ರಿಸಿ ಫೈಲಿಗೆ ಹಾಕಿ, ಬಿಟ್ಟು ಹಾಡುವ ಭಾಗಗಳನ್ನೂ ಉಸಿರಿನ ಜಾಗಗಳನ್ನೂ ಗುರುತು ಮಾಡಿಡಿ. ಬಿಡಿ ಹಾಳೆ ಜಾರಿ ಬಿದ್ದು ಹಾಡು ಅರ್ಧಕ್ಕೆ ನಿಂತರೆ ನಷ್ಟ ಗಾಯಕರಿಗೇ.

ಈ ಸೇವೆಯ ನಿಜವಾದ ಬೆಲೆ ಇರುವುದು ಫಾಖ್ ನಿರ್ಧಾರದಲ್ಲಿ. ಜರ್ಮನ್ ರಂಗಮಂದಿರಗಳು ದನಿಯನ್ನು ಫಾಖ್ ಎಂಬ ವರ್ಗಗಳಲ್ಲಿ ವಿಂಗಡಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಲಿರಿಕ್ ಸೊಪ್ರಾನೊ, ಅಂದರೆ ಹೆಣ್ಣಿನ ಎತ್ತರದ ಮೃದು ದನಿ, ಬೇಕೆಂದರೆ ಮೊಜಾರ್ಟ್‌ನ ಮಾಯಾ ಕೊಳಲು ಒಪೆರಾದ ಪಮೀನಾ ಪಾತ್ರ ಹಾಡಬಲ್ಲವರು ಬೇಕು. ಅದೇ ಒಪೆರಾದ ರಾತ್ರಿಯ ರಾಣಿಯ ತಾರದ ಎಫ್ ಸ್ವರ ಮುಟ್ಟುವವರು ಬೇರೆ ವರ್ಗ. ನೂರಾರು ಗಾಯಕರನ್ನು ಕೇಳಿದ ಏಜೆಂಟರು ನಿಮ್ಮನ್ನು ಯಾವ ಜಾಗಕ್ಕೆ ಕಳಿಸಬಹುದೆಂದು ನೇರವಾಗಿ ಹೇಳುತ್ತಾರೆ. ಗುರುಗಳು ವರ್ಷಗಟ್ಟಲೆ ಹೇಳದೇ ಉಳಿಸಿದ ಮಾತು ಇಲ್ಲಿ ಹತ್ತು ನಿಮಿಷದಲ್ಲಿ ಬರಬಹುದು. ಇಪ್ಪತ್ತೈದರ ದನಿಗೆ ಭಾರಿ ವಾಗ್ನರ್ ಪಾತ್ರ ತಂದು ನಿಂತರೆ ಅವರಿಗೆ ಕಳಿಸಲು ಜಾಗವೇ ಇರುವುದಿಲ್ಲ.

ಸಮಯದ ಲೆಕ್ಕವನ್ನು ಅನೇಕರು ತಪ್ಪುತ್ತಾರೆ. ರಂಗಮಂದಿರಗಳಿಗೂ ಕಲಾವಿದರಿಗೂ ನಡುವಿನ, 2003ರಿಂದ ಜಾರಿಯಲ್ಲಿರುವ ಎನ್‌ವಿ ಬ್ಯೂನೆ ಎಂಬ ಸಾಮೂಹಿಕ ಒಪ್ಪಂದದ ಪ್ರಕಾರ, ಮುಂದಿನ ರಂಗ ಋತುವಿಗೆ ಗಾಯಕರನ್ನು ಉಳಿಸಿಕೊಳ್ಳದಿದ್ದರೆ ರಂಗಮಂದಿರ ಸಾಮಾನ್ಯವಾಗಿ ಅಕ್ಟೋಬರ್ 31ರೊಳಗೆ ತಿಳಿಸಬೇಕು. ಇಲ್ಲದಿದ್ದರೆ ಕೆಲಸ ಒಂದು ವರ್ಷ ತಾನಾಗಿ ಮುಂದುವರಿಯುತ್ತದೆ. ಆದ್ದರಿಂದ ಯಾವ ಜಾಗ ಖಾಲಿ ಎಂಬುದು ನವೆಂಬರ್ ಹೊತ್ತಿಗೆ ಸ್ಪಷ್ಟವಾಗಿ, ಫೆಬ್ರವರಿಯವರೆಗೆ ಆಡಿಷನ್‌ಗಳು ದಟ್ಟವಾಗಿರುತ್ತವೆ. ಝಡ್‌ಎವಿ ಮುಂದೆ ಹಾಡುವುದು ಇದಕ್ಕೂ ಮೊದಲೇ ಮುಗಿದಿರಬೇಕು. ಜರ್ಮನಿಯಲ್ಲಿ ಪದವಿ ಪಡೆದ ಭಾರತೀಯರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ವಾಸದ ಪರವಾನಗಿ ಸಿಗುತ್ತದೆ. ಜುಲೈನಲ್ಲಿ ಮುಗಿಸಿದವರಿಗೆ ಅದರೊಳಗೆ ಬಹುತೇಕ ಎರಡು ಆಡಿಷನ್ ಕಾಲ ಸಿಕ್ಕರೆ, ಮಾರ್ಚ್‌ನಲ್ಲಿ ಮುಗಿಸಿದವರಿಗೆ ಒಂದೇ.

ಕನ್ನಡ ಮನೆಮಾತಿನವರಿಗೆ ಹ್ರಸ್ವ ದೀರ್ಘದ ವ್ಯತ್ಯಾಸ ಹುಟ್ಟಿನಿಂದಲೇ ಬಂದಿರುತ್ತದೆ. ಜರ್ಮನ್ ಹಾಡಿಗೆ ಅದು ದೊಡ್ಡ ಆಸ್ತಿ. ತೊಂದರೆ ಬೇರೆಡೆ. ಪದದ ಮೊದಲಲ್ಲಿ ಬರುವ ಪ, ಟ, ಕ ಗಳಿಗೆ ಉಸಿರು ಸೇರಿಸದಿದ್ದರೆ ದೂರದ ಸಾಲಿಗೆ ಅವು ಬ, ಡ, ಗ ಎಂದು ಕೇಳಿಸುತ್ತವೆ. ನಮ್ಮಲ್ಲಿಲ್ಲದ ಒಂದು ಸ್ವರಕ್ಕೆ ತುಟಿ ‘ಊ’ ಎನ್ನುವಂತೆ ಮುಂದೆ ಬಂದು ನಾಲಿಗೆ ‘ಈ’ ಹೇಳಬೇಕು. ಮಾತಿನ ಜರ್ಮನ್ ಕೂಡ ಬೇಕು. ತಾಲೀಮು ಆ ಭಾಷೆಯಲ್ಲೇ ನಡೆಯುತ್ತದೆ, ಮತ್ತು ಮೊಜಾರ್ಟ್‌ನ ಮಾಯಾ ಕೊಳಲಿನಂಥ ಕೃತಿಗಳಲ್ಲಿ ಹಾಡಿನ ನಡುವೆ ಸಂಭಾಷಣೆ ಇದೆ.

ಕೊರತೆಗಳೂ ಇವೆ. ಒಮ್ಮೆ ಕೆಟ್ಟದಾಗಿ ಹಾಡಿದರೆ ಆ ಅಭಿಪ್ರಾಯ ಬಹಳ ದಿನ ಉಳಿಯಬಹುದು, ಆದ್ದರಿಂದ ಗಂಟಲು ಸರಿಯಿಲ್ಲದ ದಿನ ಮುಂದೂಡಿ ಎಂದು ಕೇಳುವುದೇ ಜಾಣತನ. ಹೆಸರು ಪಟ್ಟಿಗೆ ಸೇರಿದ ಮೇಲೂ ತಿಂಗಳುಗಟ್ಟಲೆ ಕರೆ ಬಾರದಿರಬಹುದು. ಆ ನಡುವೆ ನೇರ ಅರ್ಜಿಗಳನ್ನು ನಿಲ್ಲಿಸಬಾರದು. ಖಾಸಗಿ ಏಜೆಂಟರಂತೆ ಹತ್ತು ವರ್ಷದ ವೃತ್ತಿಯನ್ನು ಕಟ್ಟಿಕೊಡುವ ಕೆಲಸ ಇವರದಲ್ಲ. ದೊಡ್ಡ ಮನೆಗಳು ಎಳೆಯ ಗಾಯಕರನ್ನು ತರಬೇತುಗೊಳಿಸುವ ಒಪೆರಾ ಸ್ಟುಡಿಯೋಗಳಿಗೆ ಹೆಚ್ಚಾಗಿ ನೀವೇ ಅರ್ಜಿ ಹಾಕಬೇಕು. ಅವುಗಳಲ್ಲಿ ವಯಸ್ಸಿನ ಮಿತಿ ಸಾಮಾನ್ಯ.

ಸಿಗುವ ಮೊದಲ ಕೆಲಸ ಬಹುಶಃ ಸಣ್ಣ ಊರಿನದು, ತಿಂಗಳ ಸಂಬಳ ಎನ್‌ವಿ ಬ್ಯೂನೆ ಒಪ್ಪಂದದ ಕನಿಷ್ಠದ ಹತ್ತಿರ. 2022ರ ಮಾತುಕತೆಯ ನಂತರ ಆ ಕನಿಷ್ಠ 2,000 ಯೂರೋದಿಂದ 2023ರ ಜನವರಿಗೆ 2,715 ಯೂರೋಗೆ ಏರಿತು. ತೆರಿಗೆ, ವಿಮೆ ಅದರಲ್ಲೇ ಕಡಿತ. ಆದರೂ ಸಣ್ಣ ಊರನ್ನು ಬೇಡ ಎನ್ನಬೇಡಿ. ದೊಡ್ಡ ಮನೆಯಲ್ಲಿ ಸೇವಕಿಯ ನಾಲ್ಕು ಸಾಲು ಹಾಡುವ ದನಿಗೆ ಅಲ್ಲಿ ಮುಖ್ಯ ಪಾತ್ರಗಳು ಸಿಗುತ್ತವೆ.

ಆಡಿಷನ್ ಪ್ರಯಾಣದ ಖರ್ಚು ಸಾಮಾನ್ಯವಾಗಿ ಗಾಯಕರದೇ. ಉದ್ಯೋಗ ಇಲಾಖೆಯಲ್ಲಿ ಕೆಲಸ ಹುಡುಕುವವರೆಂದು ನೋಂದಾಯಿಸಿಕೊಂಡಿದ್ದರೆ ಆ ಹಣ ಕೇಳಬಹುದು. ಅರ್ಜಿಯನ್ನು ಟಿಕೆಟ್ ಕೊಳ್ಳುವ ಮೊದಲೇ ಹಾಕಿರಬೇಕು, ಮತ್ತು ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ.