ಅಳಿವೆ ಬಾಗಿಲಿನ ಹೂಳು, ಚೆನ್ನೈನ ಪೀಠ: ಹಸಿರು ನ್ಯಾಯಮಂಡಳಿಯ ಸೇವೆ ನಮಗೆಷ್ಟು ಒದಗುತ್ತದೆ?

ನೇತ್ರಾವತಿ, ಗುರುಪುರ, ಉದ್ಯಾವರ, ಪಂಚಗಂಗಾವಳಿ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳ ನಾಲ್ಕು ಹೊಳೆಗಳೂ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿವೆ. ಕ್ರಮವಾಗಿ 74, 43, 105 ಮತ್ತು 76ನೇ ಸಂಖ್ಯೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ನದಿಗೆ ಯಂತ್ರ ಇಳಿಯುವುದಿಲ್ಲ. ಆದರೆ ಜೆಟ್ಟಿ, ಹೂಳೆತ್ತುವಿಕೆ, ದಂಡೆ ಕಟ್ಟುವ ಕೆಲಸಗಳ ಟೆಂಡರ್ ಹೊರಬಿದ್ದ ದಿನದಿಂದ ದೋಣಿ ನಿಲ್ಲುವ ದಕ್ಕೆಯಲ್ಲೂ ಹೊಳೆ ನಡುವಿನ ದ್ವೀಪಗಳಾದ ಕುದ್ರುಗಳಲ್ಲೂ ಒಂದೇ ಪ್ರಶ್ನೆ: ಕೇಸು ಎಲ್ಲಿ ಹಾಕುವುದು? ಹೆಚ್ಚಿನವರಿಗೆ ಸಿಗುವ ಉತ್ತರ ಎನ್‌ಜಿಟಿ, ಅಂದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಕರ್ನಾಟಕ ಅದರ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಬರುತ್ತದೆ, ಪೀಠ ಇರುವುದು ಚೆನ್ನೈನಲ್ಲಿ. ಸರ್ಕಾರಿ ಯೋಜನೆಯನ್ನು ಪ್ರಶ್ನಿಸಲು ಹೊರಟ ಊರಿನ ಸಮಿತಿಗೆ, ಮೀನುಗಾರರ ಸಂಘಕ್ಕೆ ಈ ಪೀಠ ಒಂದು ಸೇವೆಯಾಗಿ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಈ ವಿಮರ್ಶೆಯ ವಿಷಯ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಖರ್ಚಿನ ದೃಷ್ಟಿಯಿಂದ ಇಷ್ಟು ಅಗ್ಗದ, ಇಷ್ಟು ತೆರೆದ ಬಾಗಿಲು ಬೇರೆ ಇಲ್ಲ. ಆದರೆ ಬೇಗ ಹೋದವರಿಗೆ, ಅಳತೆ ಹಿಡಿದುಕೊಂಡು ಹೋದವರಿಗೆ ಮಾತ್ರ ಅದು ಪೂರ್ತಿ ತೆರೆಯುತ್ತದೆ.

ಶುಲ್ಕ: ಪರಿಹಾರದ ಹಣ ಕೇಳದ ಅರ್ಜಿಗೆ, ಮೇಲ್ಮನವಿಗೆ 1,000 ರೂಪಾಯಿ. ಹಣ ಕೇಳಿದರೆ ಕೇಳಿದ ಮೊತ್ತದ ಶೇ. 1. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬಹುದು, ವಿಚಾರಣೆಗೆ ವಿಡಿಯೊ ಮೂಲಕ ಹಾಜರಾಗಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಎನ್‌ಜಿಟಿ ಕಾಯ್ದೆಯ 18ನೇ ಸೆಕ್ಷನ್ ಬಾಧಿತ ವ್ಯಕ್ತಿಯ ಜೊತೆಗೆ ಪ್ರಾತಿನಿಧಿಕ ಸಂಸ್ಥೆಗೂ ಅರ್ಜಿ ಹಾಕುವ ಹಕ್ಕು ಕೊಟ್ಟಿದೆ. ಸಂಘದ ಹೆಸರಿನಲ್ಲಿ ಹೋಗುವುದಾದರೆ ಸಭೆಯ ಠರಾವು, ನೋಂದಣಿ ಪತ್ರ, ಸಹಿ ಹಾಕುವವರಿಗೆ ಕೊಟ್ಟ ಅಧಿಕಾರಪತ್ರ ಮೂರನ್ನೂ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಕೊನೇ ಗಳಿಗೆಯಲ್ಲಿ ಠರಾವು ಹುಡುಕಲು ಹೊರಟರೆ ವಾರ ಹೋಗಿಬಿಡುತ್ತದೆ. ಪಂಚಾಯತ್ ನಿರ್ಣಯ, ಪಹಣಿ, ಮಹಜರು ಎಲ್ಲ ಕನ್ನಡದಲ್ಲಿರುತ್ತವೆ, ಒಂದೊಂದಕ್ಕೂ ಇಂಗ್ಲಿಷ್ ಅನುವಾದ ಬೇಕು. ಸೇವೆಯ ದೊಡ್ಡ ಕೊರತೆ ಇದೇ ಎಂದು ನನ್ನ ಎಣಿಕೆ. ಹೊಳೆಯ ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವ ಮರುವಾಯಿ (ಚಿಪ್ಪುಮೀನು) ಹೆಕ್ಕುವವರ, ಬಲೆ ಬೀಸುವವರ ಮಾತು ಅನುವಾದದ ಖರ್ಚು ದಾಟಿ ಹೋಗಬೇಕಾಗುತ್ತದೆ.

ಇನ್ನು ಕಾಲಮಿತಿ. ಹೆಚ್ಚು ಜನ ಎಡವುವುದು ಇಲ್ಲೇ. 16ನೇ ಸೆಕ್ಷನ್ ಪ್ರಕಾರ ಪರಿಸರ ಅನುಮತಿಯನ್ನು ಪ್ರಶ್ನಿಸುವ ಮೇಲ್ಮನವಿಗೆ 30 ದಿನ. ಸಮಂಜಸ ಕಾರಣ ತೋರಿಸಿದರೆ ಇನ್ನು 60 ದಿನ. ಒಟ್ಟು 90 ದಾಟಿದ ಮೇಲೆ ವಿಳಂಬ ಮನ್ನಿಸುವ ಅಧಿಕಾರ ಪೀಠಕ್ಕೇ ಇಲ್ಲ, ಕಾರಣ ಎಷ್ಟೇ ನ್ಯಾಯವಾಗಿದ್ದರೂ ಅಷ್ಟೇ. 14ನೇ ಸೆಕ್ಷನ್ ಅಡಿಯ ಮೂಲ ಅರ್ಜಿಗೆ ವ್ಯಾಜ್ಯಕಾರಣ, ಅಂದರೆ ದೂರಿಗೆ ಕಾರಣವಾದ ಸಂಗತಿ, ಮೊದಲು ಹುಟ್ಟಿದ ದಿನದಿಂದ 6 ತಿಂಗಳು, ಕಾರಣ ತೋರಿಸಿದರೆ ಇನ್ನು 60 ದಿನ. ಹಾನಿಯಾದ ಮೇಲೆ ಪರಿಹಾರ, ಪುನಶ್ಚೇತನ ಕೇಳುವ 15ನೇ ಸೆಕ್ಷನ್‌ಗೆ 5 ವರ್ಷ, ಹಾಗೆಯೇ ಇನ್ನು 60 ದಿನ. ಮೇಲ್ಮನವಿಯ ದಿನಗಣನೆ ಅನುಮತಿ ಪತ್ರ ನಿಮ್ಮ ಕೈಸೇರಿದ ದಿನದಿಂದ ಶುರುವಾಗುವುದಿಲ್ಲ. ಸೇವ್ ಮೋನ್ ರೀಜನ್ ಫೆಡರೇಶನ್ ಪ್ರಕರಣದಲ್ಲಿ 2013ರಲ್ಲಿ ಎನ್‌ಜಿಟಿಯೇ ಹೇಳಿದಂತೆ, ಪತ್ರವನ್ನು ಸಾರ್ವಜನಿಕರಿಗೆ ಸಿಗುವ ಹಾಗೆ ಜಾಲತಾಣಕ್ಕೆ ಹಾಕುವುದು, ಯೋಜನೆಯವರು ಪತ್ರಿಕೆಯಲ್ಲಿ ಪ್ರಕಟಿಸುವುದು ಇತ್ಯಾದಿಗಳಲ್ಲಿ ಯಾವುದು ಮೊದಲು ಸರಿಯಾಗಿ ಆಗಿದೆಯೋ ಅಂದಿನಿಂದ ಗಡಿಯಾರ ಓಡುತ್ತದೆ. ಹಾಗಾಗಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಜಿಲ್ಲೆಯ ಹೆಸರು ಹಾಕಿ ವಾರಕ್ಕೊಮ್ಮೆ ನೋಡುವ ಒಬ್ಬರು ಪ್ರತಿ ಸಂಘದಲ್ಲೂ ಇರಬೇಕು. ಕಂಡ ಪುಟವನ್ನು ದಿನಾಂಕ ಕಾಣುವ ಹಾಗೆ ಪಿಡಿಎಫ್ ಮಾಡಿಡಿ.

ಅರಣ್ಯ ಅನುಮತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೇಂದ್ರದ ಎರಡನೇ ಹಂತದ ಒಪ್ಪಿಗೆ ಬಂದ ಮೇಲೆ ರಾಜ್ಯ ಸರ್ಕಾರ ಹೊರಡಿಸುವ ಅಂತಿಮ ಆದೇಶದ ಮೇಲೆ ಮೇಲ್ಮನವಿ ನಿಲ್ಲುತ್ತದೆ. ಆ ಆದೇಶದ ಪ್ರತಿ ಸಲೀಸಾಗಿ ಸಿಗುವುದಿಲ್ಲ, ಆರ್‌ಟಿಐ ಹಾಕಬೇಕಾಗುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನದ ಅವಕಾಶ. ಉತ್ತರ ಬಂದ ಮೇಲೆ ಮೇಲ್ಮನವಿ ಬರೆಯೋಣ ಎಂದು ಕಾದರೆ ಮೊದಲ 30 ದಿನ ಅಲ್ಲೇ ಮುಗಿದಿರುತ್ತದೆ.

ಯಾವ ಕಾನೂನಿನ ಕೆಳಗೆ ಹೋಗುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಎನ್‌ಜಿಟಿ ನೋಡುವುದು ತನ್ನ ಮೊದಲ ಅನುಸೂಚಿಯಲ್ಲಿರುವ ಏಳು ಕಾಯ್ದೆಗಳನ್ನು ಮಾತ್ರ. ಜಲ, ವಾಯು, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಕಾಯ್ದೆಗಳು ಅದರಲ್ಲಿವೆ. 1972ರ ವನ್ಯಜೀವಿ ಕಾಯ್ದೆ ಇಲ್ಲ. ಭೂಸ್ವಾಧೀನ ಇಲ್ಲ, ಟೆಂಡರ್ ಅಕ್ರಮ ಇಲ್ಲ, ಜಲಮಾರ್ಗ ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸುವ ಅವಕಾಶವೂ ಇಲ್ಲ. ಅವುಗಳಿಗೆ ಬೆಂಗಳೂರಿನ ಹೈಕೋರ್ಟ್. ಎನ್‌ಜಿಟಿ ಬಂದದ್ದರಿಂದ ಹೈಕೋರ್ಟಿನ ರಿಟ್ ಅಧಿಕಾರ ಹೋಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಎಲ್ಲ ದೂರನ್ನೂ ಒಂದೇ ಅರ್ಜಿಗೆ ತುರುಕಿದರೆ ಎದುರು ಪಕ್ಷದ ವಕೀಲರು ಮೊದಲ ದಿನವೇ ಎತ್ತುವ ಆಕ್ಷೇಪಣೆ ವ್ಯಾಪ್ತಿಯದು.

ಎತ್ತಿನಹೊಳೆಯನ್ನು ಇಲ್ಲಿ ನೆನೆಯಲೇಬೇಕು. 24.01 ಟಿಎಂಸಿ ನೀರನ್ನು ನೇತ್ರಾವತಿಯ ಮೂಲದ ಹಳ್ಳಗಳಿಂದ ಪೂರ್ವಕ್ಕೆ ತಿರುಗಿಸುವ ಯೋಜನೆ ಅದು. 2006ರ ಪರಿಸರ ಪರಿಣಾಮ ಅಧಿಸೂಚನೆ ನದಿ ಕಣಿವೆ ಯೋಜನೆಗಳೆಂದು ಹಿಡಿಯುವುದು ಜಲವಿದ್ಯುತ್ ಮತ್ತು ನೀರಾವರಿಯನ್ನು. ಇದು ಕುಡಿಯುವ ನೀರಿನದು, ಆದ್ದರಿಂದ ಪರಿಸರ ಅನುಮತಿ ಬೇಡ ಎಂಬುದು ಸರ್ಕಾರದ ನಿಲುವಾಗಿತ್ತು. ಯೋಜನೆಯ ವಿರುದ್ಧದ ಅರ್ಜಿಗಳನ್ನು ಎನ್‌ಜಿಟಿ 2019ರ ಮೇ ತಿಂಗಳಲ್ಲಿ ವಜಾ ಮಾಡಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಯಿತು. ಯೋಜನೆಗೆ ಇಟ್ಟ ಹೆಸರೇ ಅನುಮತಿಯ ದಾರಿಯನ್ನು ಬದಲಿಸಿಬಿಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಜಲಮಾರ್ಗದಲ್ಲಿ ಆ ಹೆಸರು 'ನಿರ್ವಹಣಾ ಹೂಳೆತ್ತುವಿಕೆ'. ಅದೇ 2006ರ ಅಧಿಸೂಚನೆಯ 7(ಇ) ಅಡಿಯಲ್ಲಿ ಹೊಸದಾಗಿ ಆಳ ಮಾಡುವ ಕ್ಯಾಪಿಟಲ್ ಡ್ರೆಜ್ಜಿಂಗ್ ಅನುಮತಿಯ ವ್ಯಾಪ್ತಿಗೆ ಬರುತ್ತದೆ. ನಿರ್ವಹಣೆಗೆ ವಿನಾಯಿತಿ ಇದೆ. ಆದರೆ ವಿನಾಯಿತಿಗೆ ಷರತ್ತೂ ಇದೆ: ಆ ಹೂಳೆತ್ತುವಿಕೆ ಈ ಹಿಂದೆ ಪರಿಸರ ಅನುಮತಿ ಪಡೆದ, ನಿರ್ವಹಣಾ ಯೋಜನೆ ಸಿದ್ಧಪಡಿಸಿದ ಮೂಲ ಪ್ರಸ್ತಾವದ ಭಾಗವಾಗಿರಬೇಕು. ಮೂಲ ಅನುಮತಿಯೇ ಇಲ್ಲದ ಹೊಳೆಯಲ್ಲಿ ನಿರ್ವಹಿಸುವುದು ಏನನ್ನು? ಅರ್ಜಿಯ ಬೆನ್ನೆಲುಬು ಇದೇ ಪ್ರಶ್ನೆಯಾಗಬೇಕು. ಟೆಂಡರ್ ದಾಖಲೆ ತೆಗೆದು ನಾಲ್ಕು ಅಂಕಿ ಬೇರೆ ಮಾಡಿ: ಈಗಿನ ಆಳ, ಬೇಕಾದ ಆಳ, ತೆಗೆಯುವ ಹೂಳು ಎಷ್ಟು ಘನ ಮೀಟರ್, ಅದನ್ನು ಸುರಿಯುವ ಜಾಗ. ಒಳನಾಡು ಜಲಮಾರ್ಗದ ವರ್ಗೀಕರಣದಲ್ಲಿ 1ನೇ ದರ್ಜೆಗೆ 1.2 ಮೀಟರ್ ಆಳ ಸಾಕು, 4ನೇ ದರ್ಜೆಗೆ 2 ಮೀಟರ್ ಬೇಕು. ದೋಣಿ ಸಾಗಲು ಎಂದು ಹೇಳಿ ಇದಕ್ಕಿಂತ ಎಷ್ಟೋ ಹೆಚ್ಚು ಆಳ ತೋಡುವ ಪ್ರಸ್ತಾವವಿದ್ದರೆ ಮರಳಿನ ಲೆಕ್ಕ ಕೇಳಬೇಕು. ಸುರಿಯುವ ಜಾಗದ ಅಂಕಣ ಖಾಲಿ ಇದ್ದರೆ ಅದೊಂದೇ ಸಾಕಷ್ಟು ಬಲವಾದ ಆಕ್ಷೇಪಣೆ. ಎತ್ತಿದ ಹೂಳು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಬಿದ್ದರೆ ಉಸಿರುಬೇರು ಮುಚ್ಚಿ ಗಿಡ ಸಾಯುತ್ತದೆ.

ಗೆದ್ದ ಪ್ರಕರಣವೂ ನಮ್ಮ ಕರಾವಳಿಯಲ್ಲೇ ಇದೆ. ಗೋವಾದ ಮರ್ಮಗೋವಾ ಬಂದರಿನ ಹಡಗು ಹಾದಿಯನ್ನು ಇನ್ನಷ್ಟು ಆಳಗೊಳಿಸಲು ಕೊಟ್ಟಿದ್ದ ಪರಿಸರ ಅನುಮತಿಯನ್ನು ಎನ್‌ಜಿಟಿ 2016ರಲ್ಲಿ ರದ್ದು ಮಾಡಿತು. ಸಾರ್ವಜನಿಕ ಅಹವಾಲು ನಡೆಸದೆ ಅನುಮತಿ ಕೊಟ್ಟದ್ದು ತಪ್ಪು ಎಂಬುದು ಮುಖ್ಯ ಕಾರಣ. ಹೋಗಿದ್ದವರು ನಾಡದೋಣಿಯ ಮೀನುಗಾರರು. ವಿಜ್ಞಾನದ ದೊಡ್ಡ ವಾದಕ್ಕಿಂತ ಬಿಟ್ಟುಹೋದ ಒಂದು ಹಂತವನ್ನು ದಾಖಲೆಯೊಂದಿಗೆ ತೋರಿಸುವುದು ಹೆಚ್ಚು ಫಲ ಕೊಡುತ್ತದೆ.

ಅರ್ಜಿ ದಾಖಲಾದ ಮೇಲೆ ಪೀಠ ಸಾಮಾನ್ಯವಾಗಿ ಮಾಡುವ ಕೆಲಸ ಜಂಟಿ ಸಮಿತಿ ನೇಮಕ. ಜಿಲ್ಲಾಡಳಿತ, ಮಾಲಿನ್ಯ ನಿಯಂತ್ರಣ ಮಂಡಳಿ, ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಮುಂತಾದ ಕಡೆಯ ಅಧಿಕಾರಿಗಳು ಸ್ಥಳಕ್ಕೆ ಬಂದು ವರದಿ ಕೊಡುತ್ತಾರೆ. ಪ್ರತಿವಾದಿಗಳಾಗಿರುವ ಇಲಾಖೆಗಳೇ ಸಮಿತಿಯಲ್ಲೂ ಇರುವುದುಂಟು. ಈ ಏರ್ಪಾಡು ನನಗೆ ಸರಿ ಕಾಣುವುದಿಲ್ಲ. ಹೊರಗಿನ ತಜ್ಞರನ್ನೂ ಸೇರಿಸಿ ಎಂದು ಅರ್ಜಿಯಲ್ಲೇ ಪ್ರಾರ್ಥನೆ ಇಡಿ, ಆಮೇಲೆ ಕೇಳಿದರೆ ತಡವಾಗುತ್ತದೆ. ಕೇಸಿನ ಗತಿ ಬಹುಪಾಲು ಈ ವರದಿಯ ಮೇಲೇ ನಿಲ್ಲುವುದರಿಂದ ಸ್ಥಳ ಪರಿಶೀಲನೆಯ ದಿನಕ್ಕೆ ವಿಚಾರಣೆಗಿಂತ ಹೆಚ್ಚು ತಯಾರಿ ಬೇಕು.

ಉಪ್ಪಿನಂಶದ ವಿಷಯವನ್ನೇ ತೆಗೆದುಕೊಳ್ಳಿ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ನದಿಯಲ್ಲಿ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂದು ತೀರ್ಮಾನಿಸುವುದು ಒಂದು ಅಳತೆ: ವರ್ಷದ ಅತಿ ಒಣ ಕಾಲದಲ್ಲಿ ಸಾವಿರ ಭಾಗಕ್ಕೆ 5 ಭಾಗ ಉಪ್ಪು. ಸಮುದ್ರದಲ್ಲಿ ಅದು ಸುಮಾರು 35. ಸಮಿತಿ ಆಗಸ್ಟ್‌ನಲ್ಲಿ ಬಂದರೆ ಮಳೆನೀರು ತುಂಬಿದ ಹೊಳೆ ಅಳಿವೆಯಿಂದ ಸ್ವಲ್ಪ ಮೇಲಕ್ಕೂ ಸಿಹಿಯಾಗಿರುತ್ತದೆ. ಆ ಓದನ್ನು ನಂಬಿದರೆ ನಿಮ್ಮ ಜಾಗ ವ್ಯಾಪ್ತಿಯಿಂದಲೇ ಹೊರಗೆ. ಏಪ್ರಿಲ್-ಮೇಯಲ್ಲಿ, ಮೊದಲ ಮಳೆಗೆ ಮುಂಚೆ ಅಳೆಯಬೇಕು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಉಬ್ಬರದಲ್ಲಿ ನೀರು ಎತ್ತಬೇಕು. ಎತ್ತುವುದು ಮೇಲ್ಮೈಯಿಂದ ಅಲ್ಲ. ಉಪ್ಪುನೀರು ಭಾರ, ಸಿಹಿನೀರಿನ ಅಡಿಯಲ್ಲಿ ನದಿಯ ತಳ ಹಿಡಿದು ಮೇಲಕ್ಕೆ ನುಗ್ಗುತ್ತದೆ. ಮೇಲೆ 2 ಇದ್ದಲ್ಲಿ ತಳದಲ್ಲಿ ಅದರ ಎಷ್ಟೋ ಪಟ್ಟು ಇರಬಹುದು. ಬಾಟಲಿಗೆ ಹಗ್ಗ, ಕಲ್ಲು ಕಟ್ಟಿ ತಳಕ್ಕಿಳಿಸಿ ಅಲ್ಲೇ ಬಿರಡೆ ಎಳೆಯುವ ವ್ಯವಸ್ಥೆ ಸಾಕಾಗುತ್ತದೆ. ಉಪ್ಪಿನಂಶ ಅಳೆಯಲು ಕೈಯಲ್ಲಿ ಹಿಡಿಯುವ ಉಪಕರಣವಾದ ರಿಫ್ರಾಕ್ಟೋಮೀಟರ್ ಅಂದಾಜಿಗೆ ಸರಿ, 5ರ ಅಂಚಿನಲ್ಲಿ ಅದನ್ನು ನೆಚ್ಚಬೇಡಿ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಬೇಕು. ಬಾಟಲಿಯ ಚೀಟಿಯ ಮೇಲೆ ಜಾಗದ ಜಿಪಿಎಸ್, ಆಳ, ಗಂಟೆ, ಉಬ್ಬರವೋ ಇಳಿತವೋ ಬರೆದಿರಲಿ. ತುಂಬೆಯಂಥ ಅಣೆಕಟ್ಟಿನ ಕೆಳಗಾದರೆ ಅಂದು ಗೇಟು ತೆರೆದಿತ್ತೇ ಎಂಬುದನ್ನೂ ಬರೆಯಿರಿ.

ಕಾಂಡ್ಲಾ ಕಾಡಿಗೂ ಒಂದು ಗಡಿ ಅಂಕಿ ಇದೆ. ವಿಸ್ತೀರ್ಣ 1,000 ಚದರ ಮೀಟರ್ ಮೀರಿದರೆ ಸುತ್ತ 50 ಮೀಟರ್ ಕಾಪುವಲಯ. ಕಾಮಗಾರಿಗೆ ಮುಂಚಿನ ಉಪಗ್ರಹ ಚಿತ್ರ ಇಲ್ಲಿ ದೊಡ್ಡ ಸಾಕ್ಷಿ, ಏಕೆಂದರೆ ಸಮಿತಿ ಬರುವ ಹೊತ್ತಿಗೆ ಗಿಡ ಇಲ್ಲದೆ ಇರಬಹುದು. ಇಳಿತದ ಚಿತ್ರವನ್ನೂ ಉಬ್ಬರದ ಚಿತ್ರವನ್ನೂ ಹೋಲಿಸಿ ದಂಡೆ ಒತ್ತುವರಿಯಾಗಿದೆ ಎಂದು ವಾದಿಸಿದರೆ ಅದು ಒಂದೇ ಪ್ರಶ್ನೆಗೆ ಬಿದ್ದುಹೋಗುತ್ತದೆ. ಎನ್‌ಜಿಟಿಗೆ ಸಾಕ್ಷ್ಯ ಕಾಯ್ದೆಯ ಕಟ್ಟುಪಾಡಿಲ್ಲ, ಅದು ಕಾಯ್ದೆಯ 19ನೇ ಸೆಕ್ಷನ್‌ನಲ್ಲೇ ಇದೆ. ಹಾಗಿದ್ದರೂ ಫೋಟೊ, ವಿಡಿಯೊಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಲಗತ್ತಿಸಿಬಿಡಿ. ಪ್ರಕರಣ ಮುಂದೆ ಸುಪ್ರೀಂ ಕೋರ್ಟಿಗೆ ಹೋದಾಗ ಉಪಯೋಗಕ್ಕೆ ಬರುತ್ತದೆ.

ತಡೆಯಾಜ್ಞೆಯ ವಿಷಯದಲ್ಲಿ ಸೇವೆ ನಿಧಾನ. ಮಧ್ಯಂತರ ಆದೇಶಕ್ಕೆ ಮುಂಚೆ ಎರಡೂ ಕಡೆಯ ಮಾತು ಕೇಳಬೇಕೆಂದು ಕಾಯ್ದೆಯೇ ಹೇಳುತ್ತದೆ. ಆರು ತಿಂಗಳಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕೆಂದು 18ನೇ ಸೆಕ್ಷನ್ ಹೇಳಿದರೂ ವಾಸ್ತವ ಹಾಗಿರುವುದಿಲ್ಲ, ಅಷ್ಟರಲ್ಲಿ ಡ್ರೆಜ್ಜರ್ ಒಂದು ಇಡೀ ಬೇಸಿಗೆ ಕೆಲಸ ಮಾಡಿರುತ್ತದೆ. ಆದ್ದರಿಂದ ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಅರ್ಜಿ ಹಾಕಿ, ಎಲ್ಲ ಪ್ರತಿವಾದಿಗಳಿಗೂ ಪ್ರತಿ ಮುಂಚಿತವಾಗಿ ತಲುಪಿಸಿ ಅದರ ಅಫಿಡವಿಟ್ ಇಡಿ. ನೋಟಿಸ್ ತಲುಪಿಲ್ಲ ಎಂಬ ಕಾರಣಕ್ಕೆ ಸಿಗುವ ಮುಂದೂಡಿಕೆ ತಪ್ಪುತ್ತದೆ. ಒಂದು ಅಪಾಯವೂ ಇದೆ. ದೂರು ಸುಳ್ಳು ಅಥವಾ ಕಿರುಕುಳದ್ದು ಎಂದು ಕಂಡರೆ ತಡೆಯಿಂದಾದ ನಷ್ಟವನ್ನೂ ಸೇರಿಸಿ ಖರ್ಚು ಕಟ್ಟಿಸುವ ಅಧಿಕಾರ 23ನೇ ಸೆಕ್ಷನ್‌ನಲ್ಲಿದೆ. ಆಧಾರವಿಲ್ಲದ ಒಂದು ಸಾಲೂ ಅರ್ಜಿಯಲ್ಲಿ ಬೇಡ.

ಹಾನಿಯಾದ ಮೇಲೆ ದಂಡ ಹಾಕುವುದರಲ್ಲಿ ಪೀಠ ಗಟ್ಟಿ. ಉಡುಪಿಯ ಯುಪಿಸಿಎಲ್ ಉಷ್ಣ ವಿದ್ಯುತ್ ಸ್ಥಾವರದ ವಿರುದ್ಧ ನಂದಿಕೂರಿನ ಜನಜಾಗೃತಿ ಸಮಿತಿ ನಡೆಸಿದ ದೀರ್ಘ ಹೋರಾಟದಲ್ಲಿ ದಕ್ಷಿಣ ಪೀಠ 2022ರ ಮೇ ತಿಂಗಳಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಮಾಲಿನ್ಯ ಮಾಡಿದವರೇ ತೆರಬೇಕು ಎಂಬ ತತ್ವವನ್ನು 20ನೇ ಸೆಕ್ಷನ್ ಕಡ್ಡಾಯ ಮಾಡಿರುವುದರ ಬಲ ಅದು.

ಆದೇಶ ಕೈಗೆ ಬಂದ ದಿನವೇ ಅದರಲ್ಲಿರುವ ಪ್ರತಿ ಗಡುವನ್ನೂ, ಅದು ಯಾವ ಇಲಾಖೆಯ ಪಾಲಿನದೆಂಬುದನ್ನೂ ಬರೆದಿಟ್ಟುಕೊಳ್ಳಿ. ಸುಪ್ರೀಂ ಕೋರ್ಟಿಗೆ ಹೋಗುವುದಾದರೆ 90 ದಿನ. ಗಡುವು ಮುಗಿದ ವಾರದಲ್ಲೇ ಅದೇ ಜಾಗ, ಅದೇ ಕೋನ, ಅದೇ ಮಟ್ಟದ ಇಳಿತದಲ್ಲಿ ಫೋಟೊ ತೆಗೆದು ಸಂಬಂಧಪಟ್ಟ ಇಲಾಖೆಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಹಾಕಿ. ಉತ್ತರ ಬಾರದಿದ್ದರೆ 25ನೇ ಸೆಕ್ಷನ್ ಅಡಿಯಲ್ಲಿ ಜಾರಿ ಅರ್ಜಿ ಸಲ್ಲಿಸಿ. ಎನ್‌ಜಿಟಿ ಆದೇಶವನ್ನು ಸಿವಿಲ್ ಕೋರ್ಟಿನ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. ಈ ಅರ್ಜಿಗೆ ಹೊಸ ವಾದವೇನೂ ಬೇಡ, ಆದೇಶದ ಪ್ರತಿ, ಅಂಚೆ ರಸೀದಿ ಮತ್ತು ದಿನಾಂಕವಿರುವ ಫೋಟೊ ಸಾಕು.