ಹತ್ತು ತಿಂಗಳ ಇಂಗ್ಲಿಷ್ ಆಪ್, ಮತ್ತು ನಮ್ಮ ಮುತ್ಯಾನನ್ನು ಊರು ಬಿಡಿಸಿದ್ದು

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ದಿನ ಹೊರರಾಜ್ಯದ ವ್ಯಾಪಾರಿ ಫೋನ್ ಮಾಡಿ ಬಾಕಿ ಕೇಳಿದರು. ಪಕ್ಕದಲ್ಲಿದ್ದ ಸಾವುಕಾರರು 'ನಾಳಿಗಿ ಕಳಸ್ತೀನಿ ಅಂತ ಹೇಳು' ಅಂದರು. ನಾನು 'ಸರ್ ಸೆಡ್ ದಟ್ ಐ ವಿಲ್ ಸೆಂಡ್ ಟುಮಾರೋ' ಅಂದೆ. ಮರುದಿನದಿಂದ ಅವರು ನನ್ನ ನಂಬರಿಗೇ ಫೋನ್ ಮಾಡಿ ರೊಕ್ಕ ಕೇಳತೊಡಗಿದರು! ಆ ವಾರವೇ ಈ ಆಪ್ ತಗೊಂಡೆ.

ವರ್ಷಕ್ಕೆ 999 ರೂಪಾಯಿ. ನನ್ನ ಸಂಬಳಕ್ಕೆ ಜಾಸ್ತಿಯೇ. ಪಿಯುಸಿ ಓದುವ ತಂಗಿಯೂ ಅದರಲ್ಲೇ ಕಲಿಯುತ್ತಾಳೆ, ಹಾಗಾಗಿ ತಲೆಗೆ ಐನೂರು ಅಂತ ಸಮಾಧಾನ ಮಾಡಿಕೊಂಡೆ. ಊಟ ಆದಮೇಲೆ ಮಾಳಿಗೆ ಹತ್ತುತ್ತೇವೆ. ದಿನವಿಡೀ ಬಿಸಿಲು ಕುಡಿದ ಕಲ್ಲಿಗೆ ಎರಡು ಕೊಡ ನೀರು ಚೆಲ್ಲಿ, ಹಬೆ ಇಳಿದ ಮೇಲೆ ಚಾಪೆ ಹಾಸುತ್ತೇವೆ. ಇರುವುದು ಒಂದೇ ಇಯರ್‌ಫೋನ್. ಬಲಗಿವಿ ನನ್ನದು, ಎಡಗಿವಿ ಅವಳದು.

'ಮನೆ ಮತ್ತು ಊರು' ಪಾಠದಲ್ಲೇ ಮೊದಲ ಜಗಳ ಶುರುವಾಯಿತು. 'ಟೆರೇಸ್ಡ್ ಹೌಸ್' ಅಂತ ಬಂತು. ಮಾಳಿಗೆ ಮೇಲೆ ಕೂತೇ ಇದ್ದೆವಲ್ಲ, ನಮ್ಮದೇ ಮನೆ ಅಂತ ಒತ್ತಿದೆ. ತಪ್ಪು. ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ಕಟ್ಟಿದ ಮನೆಗೆ ಬ್ರಿಟಿಷರು ಹಾಗೆ ಅನ್ನುತ್ತಾರಂತೆ. 'ಹಾಲ್' ಅಂದರೂ ನಾವು ಟಿವಿ ಇಡುವ ಕೋಣೆಯಲ್ಲ, ಬಾಗಿಲು ತೆಗೆದ ಕೂಡಲೇ ಸಿಗುವ ಓಣಿಯಂಥ ಜಾಗ. ಬೆಂಕಿ ಕಾಯಿಸುವ ಒಲೆಗೆ ಒಂದು ಪದ, ಸೂರಿನಡಿಯ ಕೋಣೆಗೆ ಇನ್ನೊಂದು. ನಮ್ಮ ನೆಲದ ಶಹಾಬಾದ್ ಕಲ್ಲಿಗೆ ಏನನ್ನಬೇಕು ಅಂತ ಎಲ್ಲೂ ಇಲ್ಲ. 'ಲೈಮ್‌ಸ್ಟೋನ್' ಅನ್ನುವುದನ್ನು ನಾವೇ ಬೇರೆ ಕಡೆ ಹುಡುಕಿದೆವು. ಮೂರು ತಿಂಗಳು ಬರೀ ಬೈದುಕೊಂಡೇ ಬಳಸಿದೆ.

ಆಮೇಲೆ ರಿಪೋರ್ಟೆಡ್ ಸ್ಪೀಚ್ ಬಂತು, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ಹೇಳುವ ಬಗೆ. ನನ್ನ ತಪ್ಪು ಎಲ್ಲಿತ್ತು ಅಂತ ಆಗ ತಿಳಿಯಿತು. ನಮ್ಮಲ್ಲಿ 'ಅಂತ' ಒಂದಿದ್ದರೆ ಸಾಕು, ಆಡಿದವರ ಮಾತು ಹಾಗ್‌ಹಾಗೇ ಒಳಗೆ ಕೂರುತ್ತದೆ. ಅವ್ವ ದಿನಾ ಮಾಡುವುದೇ ಅದು. 'ನಿಮ್ಮ ಕಾಕಾ ನಾ ಬರಂಗಿಲ್ಲ ಅಂದಾನ' ಅಂದರೆ ಬಾರದವನು ಕಾಕಾ, ಅವ್ವ ಅಲ್ಲ ಅಂತ ಎಲ್ಲರಿಗೂ ಗೊತ್ತು. ಇಂಗ್ಲಿಷಿನಲ್ಲಿ ಆ 'ನಾ' ಹೋಗಿ 'ಹಿ' ಬರಬೇಕು, 'ವಿಲ್' ಹೋಗಿ 'ವುಡ್' ಆಗಬೇಕು, 'ಟುಮಾರೋ' ಕೂಡ 'ದ ನೆಕ್ಸ್ಟ್ ಡೇ' ಆಗಬೇಕು. ಇದನ್ನು ಆಪ್ ತುಂಬಾ ಚೆನ್ನಾಗಿ ಹೇಳಿಕೊಡುತ್ತದೆ, ಸುಳ್ಳು ಹೇಳಬಾರದು. ಈಗ ಅವ್ವ ಫೋನಿನಲ್ಲಿ ಕೇಳಿದ್ದನ್ನೆಲ್ಲ ಬಂದು ಹೇಳುವಾಗ, ನಾನೂ ತಂಗಿಯೂ ಯಾರು ಮೊದಲು ಇಂಗ್ಲಿಷಿಗೆ ತಿರುಗಿಸುತ್ತೇವೆ ಅಂತ ಪಂದ್ಯ ಕಟ್ಟುತ್ತೇವೆ. ಸೋತವರು ಚಾಪೆ ಸುತ್ತಬೇಕು. 'ನನ್ನ ಮಾತಿಗೆ ಯಾಕ ನಗ್ತೀರಿ?' ಅಂತ ಅವ್ವ ಕೇಳಿದರೆ ಅದೂ ಒಂದು ಪ್ರಶ್ನೆ. ಅದಕ್ಕೆ 'ಆಸ್ಕ್ಡ್' ಹಾಕಬೇಕು, 'ಸೆಡ್' ನಡೆಯಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ಹೋದ ತಿಂಗಳು 'ನಿಮ್ಮ ಊರಿನ ಬಗ್ಗೆ ನಿಮ್ಮ ಮನೆಯವರು ಹೇಳಿದ್ದನ್ನು ಬರೆಯಿರಿ' ಅಂತ ಬಂತು. ಸರ್ಕಾರ 2014ರಲ್ಲೇ ಹೆಸರು ಬದಲಿಸಿದರೂ ನಮ್ಮ ಮುತ್ಯಾನ ಬಾಯಲ್ಲಿ ಇನ್ನೂ ಗುಲ್ಬರ್ಗಾನೇ. ಅವನು ಹೇಳಿದ್ದನ್ನೇ ಬರೆದೆ: 'ಮೈ ಗ್ರ್ಯಾಂಡ್‌ಫಾದರ್ ಸೆಡ್ ಹಿ ಲಿವ್ಸ್ ಇನ್ ಗುಲ್ಬರ್ಗಾ.' ಕೆಂಪು ಗುರುತು ಬಂತು. 'ಲಿವ್ಡ್' ಆಗಬೇಕಂತೆ. ಕೆಳಗೆ ಮುತ್ಯಾ ರೊಟ್ಟಿ ಮುರಿಯುತ್ತಾ ಕೂತಿದ್ದಾನೆ, ಇಲ್ಲಿ ಆಪ್ ಅವನನ್ನು ಊರು ಬಿಡಿಸಿದೆ! 'ಸಿಟಿ ಈಸ್ ಹಾಟ್ ಇನ್ ಮೇ' ಅಂತ ಅವ್ವ ಹೇಳಿದ್ದಕ್ಕೂ 'ವಾಸ್' ಹಾಕು ಅಂದಿತು. ಮೇ ತಿಂಗಳಲ್ಲಿ ಇಲ್ಲಿ ನಲವತ್ತು ಡಿಗ್ರಿ ದಾಟುವುದು ಈಗ ನಿಂತಿದೆಯೇನು? ತಂಗಿಯ ಲೆಕ್ಚರರ್ ಹೇಳಿದರು: ಮಾತು ಈಗಲೂ ನಿಜವಾಗಿದ್ದರೆ ಕಾಲ ಬದಲಿಸಿದರೂ ಸರಿ, ಬದಲಿಸದಿದ್ದರೂ ಸರಿ. ಆಪ್‌ಗೆ ಅದು ಗೊತ್ತಿಲ್ಲ. ಎರಡು ಸಲ ದೂರು ಬರೆದೆ. ಎರಡು ಸಲವೂ 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಒಂದೇ ಉತ್ತರ.

ಮೂರು ಸ್ಟಾರ್ ಕೊಟ್ಟಿದ್ದೇನೆ. ಎರಡು ತಿಂಗಳಲ್ಲಿ ಚಂದಾ ಮುಗಿಯುತ್ತದೆ. 'ಅಣ್ಣಾ, ಈ ಸಲ ಅರ್ಧ ರೊಕ್ಕ ನಾ ಕೊಡ್ತೀನಿ' ಅಂದಿದ್ದಾಳೆ ತಂಗಿ. ಕೊಟ್ಟರೆ ಇನ್ನೊಂದು ವರ್ಷ ತಗೊಳ್ಳುತ್ತೇನೆ. ಇಲ್ಲದಿದ್ದರೆ ಅವ್ವನ ಫೋನ್ ಹೇಗೂ ಇದೆ.